ಘಟ್ಟ ಹತ್ತಿದ ಬ್ರೆಡ್ಡು

ಶಿರಸಿ ಸೀಮೆಯನ್ನಾಳಿದ ಸೋದೆಯ ಅರಸರ ಕಾಲದಲ್ಲಿ ನಮ್ಮ ಕಾಳುಮೆಣಸು ಘಟ್ಟ ಇಳಿದು ಸೇರುತ್ತಿದ್ದದ್ದು ಬ್ರೆಡ್ಡು ತಿನ್ನುವ ಜನರ ಕೈಗೆ. ಪೋರ್ಚುಗೀಸರು 1510ರಿಂದ ಗೋವೆಯಲ್ಲಿ ನೆಲೆಯೂರಿದ್ದರು; ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರು ಅವರೇ. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದದ್ದೂ ಘಟ್ಟದ ಮೇಲಿನ ಮೆಣಸಿನ ಆಸೆಗೇ. ಹೇರೆತ್ತುಗಳ ಬೆನ್ನ ಮೇಲೆ ಮೆಣಸು ಇಳಿಯಿತು. ಉಪ್ಪು, ತೆಂಗಿನಕಾಯಿ, ಒಣಮೀನು ಹತ್ತಿ ಬಂದವು. ಪರದೇಶದ ಸರಕೂ ಬಾರದೆ ಇರಲಿಲ್ಲ. ಅನಾನಸು, ಪಪ್ಪಾಯಿ, ಗೇರು ಬಂದು ನಮ್ಮ ಹಿತ್ತಲಲ್ಲಿ ಬೇರುಬಿಟ್ಟವು. ಮೆಣಸಿನಕಾಯಿ ಬಂದು, ಮೆಣಸು ಬೆಳೆಯುವ ನಾಡಿನಲ್ಲೇ ಮೆಣಸಿನ ಜಾಗ ಹಿಡಿಯಿತು. ಶ್ರಾದ್ಧದ ಅಡಿಗೆಯಲ್ಲಿ ಮಾತ್ರ ಇಂದಿಗೂ ನಮ್ಮ ಮನೆಗಳಲ್ಲಿ ಕಾಳುಮೆಣಸೇ ಬೇಕು. ಇಷ್ಟೆಲ್ಲ ಬಂದ ದಾರಿಯಲ್ಲಿ ಬ್ರೆಡ್ಡು ಮಾತ್ರ ಬರಲಿಲ್ಲ. ಗೋವೆಯಲ್ಲಿ ಅದು ದಿನವೂ ಬೇಯುತ್ತಿತ್ತು, ಶಿರಸಿಗೆ ಕಾಲಿಡಲು ಅದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಕಾರಣ ಹುಡುಕುತ್ತ ಹೋದರೆ ದೂರ ಹೋಗಬೇಕಿಲ್ಲ. ಗಿಡವಾಗಿ, ಬೀಜವಾಗಿ ಬಂದದ್ದನ್ನು ನಮ್ಮ ಮಣ್ಣಿನಲ್ಲಿ ನಮ್ಮ ಕೈಯಲ್ಲಿ ನೆಟ್ಟುಕೊಂಡೆವು. ಬ್ರೆಡ್ಡು ಬರುವುದು ಬೇಯಿಸಿಕೊಂಡೇ, ಬೇರೆಯವರ ಕೈಯಿಂದ. ಯಾರ ಕೈಯದ್ದು ಎಂಬ ಒಂದೇ ಪ್ರಶ್ನೆ ಅದನ್ನು ಘಟ್ಟದ ಬುಡದಲ್ಲಿ ನಿಲ್ಲಿಸಿತು. ಮುಂದೆ ಅದು ಮೇಲೆ ಬಂದಾಗಲೆಲ್ಲ ಈ ಪ್ರಶ್ನೆಗೆ ಏನಾದರೊಂದು ಉತ್ತರ ಹಿಡಿದುಕೊಂಡೇ ಬಂದಿದೆ.

1623ರಲ್ಲಿ ಒಬ್ಬ ಇಟಾಲಿಯನ್ ಈ ಘಟ್ಟ ಹತ್ತಿದ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರದ ಜೊತೆ ಬಂದವನು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ, ಅಲ್ಲಿಂದ ಮುಂದೆ ಕಾಡಿನ ಏರು. ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ಹುಡುಗರು ಮರಳ ಮೇಲೆ ಬೆರಳಲ್ಲಿ ಬರೆದು ಲೆಕ್ಕ ಕಲಿಯುತ್ತಿದ್ದದ್ದನ್ನು ಆತ ಮೆಚ್ಚಿ ಬರೆದಿದ್ದಾನೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಈ ಭಾಗವನ್ನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ನನ್ನ ತವರು ಸಿದ್ದಾಪುರ ತಾಲೂಕು. ಇಕ್ಕೇರಿ ನಮಗೆ ಹತ್ತಿರ. ಆಗ ನಾನು ಗಮನಿಸದೇ ದಾಟುತ್ತಿದ್ದ ಸಂಗತಿಯೊಂದು ಈಗ ನನಗೆ ದೊಡ್ಡದಾಗಿ ಕಾಣುತ್ತದೆ. ಪೋರ್ಚುಗೀಸರ ರಾಯಭಾರಿಯ ಜೊತೆಗೆ ವೆಂಕಟಪ್ಪ ನಾಯಕನ ರಾಯಭಾರಿ, ಬ್ರಾಹ್ಮಣ ವಿಠಲ ಶೆಣೈಯೂ ಇದ್ದ. ಒಂದೇ ತಂಡದಲ್ಲಿ, ಒಂದೇ ದಾರಿಯಲ್ಲಿ, ಒಬ್ಬರದ್ದನ್ನೊಬ್ಬರು ಮುಟ್ಟದ ಎರಡು ಅಡಿಗೆಯ ಲೋಕಗಳು ಜೊತೆಗೇ ಘಟ್ಟ ಹತ್ತಿದವು.

ಗೋವೆಯಲ್ಲಿ ಬ್ರೆಡ್ಡು ಬೇರೂರಿದ್ದು ಊಟಕ್ಕೆ ಮಾತ್ರ ಅಲ್ಲ. ಕ್ರೈಸ್ತರ ಪೂಜೆಯ ಓಸ್ತಿಗೆ ಗೋಧಿಯೇ ಆಗಬೇಕು, ಅಕ್ಕಿ ನಡೆಯದು. ಹಾಗಾಗಿ ಅಕ್ಕಿ ಉಣ್ಣುವ ಕರಾವಳಿಗೆ ಗೋಧಿ ಹಡಗಿನಲ್ಲಿ ಬಂದಿಳಿಯಲೇಬೇಕಾಯಿತು. ಓಸ್ತಿ ಹುದುಗಿಲ್ಲದ್ದು, ಊಟದ ಬ್ರೆಡ್ಡಿಗೆ ಹುದುಗು ಬೇಕು. ಯುರೋಪಿನ ಹುದುಗು ಇಲ್ಲಿ ಸಿಗದಾಗ ಅವರು ಮರದತ್ತ ನೋಡಿದರು. ತೆಂಗಿನ ಕಳ್ಳು, ಅಲ್ಲಿಯವರ ಮಾತಿನಲ್ಲಿ ಸುರ್, ಹಿಟ್ಟಿಗೆ ಬಿದ್ದೊಡನೆ ಉಬ್ಬಿಸಿತು. ಸಾಲ್ಸೆಟ್ಟಿಯ ಕ್ರೈಸ್ತ ಕುಟುಂಬಗಳು ಜೆಸುಯಿಟ್ ಪಾದ್ರಿಗಳಿಂದ ಈ ಕೆಲಸ ಕಲಿತವೆಂದು ಗೋವೆಯವರು ಹೇಳುತ್ತಾರೆ. ಮಜೋರ್ಡಾ ಊರಿನ ಹೆಸರು ಈ ಮಾತಿನಲ್ಲಿ ಬಂದೇ ಬರುತ್ತದೆ. ಬ್ರೆಡ್ಡು ಸುಡುವವನು ಪೊದೇರ್. ಅವನ ಬುಟ್ಟಿಯಲ್ಲಿ ತವುಡು ಹಚ್ಚಿದ ಪೊಯ್, ಗಟ್ಟಿ ಸಿಪ್ಪೆಯ ಉಂಡೊ, ಕತ್ತರಿಸಿದ ಅಂಚಿನ ಕಾತ್ರೆ ಪಾವ್, ಬಳೆಯಂತೆ ದುಂಡಗಿನ ಕಾಂಕಣ. ಕ್ರೈಸ್ತರಲ್ಲದವರ ಊರ ಬಾವಿಗೆ ಬ್ರೆಡ್ಡಿನ ಚೂರು ಎಸೆದು, ಆ ನೀರು ಕುಡಿದ ಊರಿಗೆ ಊರನ್ನೇ ಜಾತಿಯಿಂದ ಹೊರಗಾಗಿಸಿದರು ಎಂಬ ಕಥೆಯನ್ನು ಕರಾವಳಿಯಲ್ಲಿ ಇಂದಿಗೂ ಹೇಳುತ್ತಾರೆ. ನಡೆದದ್ದು ಎಷ್ಟೋ, ಬೆಳೆದದ್ದು ಎಷ್ಟೋ. ಹಿಟ್ಟಿನ ಒಂದು ಚೂರಿಗೆ ಊರನ್ನು ಕೆಡಿಸುವ ಬಲವಿದೆ ಎಂದು ಜನ ನಂಬಿದ್ದಂತೂ ಆ ಕಥೆಯಿಂದ ತಿಳಿಯುತ್ತದೆ.

ಘಟ್ಟದ ಮೇಲೆ ಬ್ರೆಡ್ಡಿಗೆ ಬೇಕಾದದ್ದು ಏನೂ ಇರಲಿಲ್ಲವೇ? ಎಲ್ಲವೂ ಇತ್ತು. ಗೋಧಿ ಧಾರವಾಡ ಸೀಮೆಯಿಂದ ಬರುತ್ತಿತ್ತು; ನಮ್ಮ ಕಾಡಿನ ಬಗನಿ ಮರದಿಂದ ಕಳ್ಳು ಇಳಿಸುವುದನ್ನು ಹಳೆಪೈಕರು ತಲೆಮಾರುಗಳಿಂದ ಬಲ್ಲವರು. ಬೇಕರಿಯ ಯೀಸ್ಟಿನ ಜಾತಿಯ ಜೀವವೇ ಕಳ್ಳಿನಲ್ಲೂ ಕೆಲಸ ಮಾಡುವುದು. ಗೋಧಿ ಮತ್ತು ಕಳ್ಳು ಒಂದೇ ಸಂತೆಯ ಎರಡು ಬದಿಯಲ್ಲಿದ್ದವು, ಒಂದೇ ಪಾತ್ರೆಗೆ ಬೀಳಲಿಲ್ಲ. 1764ರ ಹೊತ್ತಿಗೆ ಹೈದರಾಲಿಯ ದಂಡು ಸೋದೆಯನ್ನು ಹಿಡಿದಾಗ ಅರಸು ಮನೆತನ ಪೋರ್ಚುಗೀಸರ ಆಶ್ರಯಕ್ಕೆ ಹೋಗಿ ಫೋಂಡಾ ಹತ್ತಿರದ ಬಾಂದೋಡೆಯಲ್ಲಿ ನೆಲೆಸಿತು. ಅಂದರೆ ಶಿರಸಿ ಸೀಮೆಯ ದೊರೆಗಳೇ ಪೊದೇರನ ನಾಡಿಗೆ ಇಳಿದರು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ನೆಲೆಸಿದ ಸಿದ್ದಿಯರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದು, ಗೋವೆಯಿಂದ ತಪ್ಪಿಸಿಕೊಂಡು ಬಂದವರು. ದೊರೆಯೂ ಆಳೂ ಆ ಗಡಿ ದಾಟಿದರು, ಬ್ರೆಡ್ಡು ದಾಟಲಿಲ್ಲ.

ನಮ್ಮ ಮನೆಗಳ ಲೆಕ್ಕದಲ್ಲಿ ನೀರು ಹಾಕಿ ಬೇಯಿಸಿದ್ದು ಮುಸುರೆ. ಅವಲಕ್ಕಿ, ಅರಳು, ತುಪ್ಪದಲ್ಲಿ ಕರಿದದ್ದು, ಹಾಲಿನಲ್ಲಿ ಕಲಸಿದ್ದು ಇವಕ್ಕೆ ಸಡಿಲಿಕೆ ಇತ್ತು. ಅನ್ನಕ್ಕೆ, ನೀರಲ್ಲಿ ನಾದಿದ ಹಿಟ್ಟಿಗೆ ಇರಲಿಲ್ಲ. ಬ್ರೆಡ್ಡು ನೀರಲ್ಲಿ ನಾದಿದ್ದು, ಉಪ್ಪು ಸೇರಿದ್ದು, ಕಳ್ಳಿನಲ್ಲಿ ಉಬ್ಬಿದ್ದು, ಯಾರೋ ಬೇಯಿಸಿದ್ದು. ತಕರಾರು ಒಂದಲ್ಲ. ಈ ಕಟ್ಟಳೆಯೊಳಗೆ ಹುಟ್ಟಿ ಬೆಳೆದವಳು ನಾನು, ಅದರ ಸೂಕ್ಷ್ಮಗಳು ನನಗೆ ಗೊತ್ತು. ಅದು ಅನ್ನದ ಬಗ್ಗೆ ಎಚ್ಚರವನ್ನು ಕಲಿಸಿತು, ನಿಜ. ಹಾಗೆಯೇ ಇನ್ನೊಬ್ಬರ ಕೈಯನ್ನು ಕೊಳಕೆಂದು ತಿಳಿಯುವುದನ್ನೂ ಕಲಿಸಿತು. ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ, ಅದನ್ನು ಹಳೆಯ ಕಾಲದ ಮುಗ್ಧತೆ ಎಂದು ಸುತ್ತಿ ಇಡಲು ನಾನು ಒಪ್ಪಲಾರೆ.

ಹುದುಗು ಬರಿಸುವುದು ನಮಗೆ ಹೊಸತಾಗಿತ್ತೆಂದು ಯಾರೂ ತಿಳಿಯಬಾರದು. ವಡ್ಡಾರಾಧನೆಯಲ್ಲೇ ಇಡ್ಡಲಿಗೆ ಇದೆ. ಅಕ್ಕಿ, ಉದ್ದು ರುಬ್ಬಿಟ್ಟ ಹಿಟ್ಟಿನಲ್ಲಿ ಹುಳಿ ಬರಿಸಿ ಗಾಳಿ ತುಂಬುವ ಸೂಕ್ಷ್ಮಜೀವಿಗಳು ಬೇರೆ, ಬ್ರೆಡ್ಡಿನ ಯೀಸ್ಟ್ ಬೇರೆ. ಪಾಶ್ಚರ್ 1857ರಲ್ಲಿ ಬರೆದದ್ದು ಹಾಲು ಹುಳಿಯಾಗುವ ಬಗೆಯನ್ನು, ನಮ್ಮ ದೋಸೆ ಹಿಟ್ಟಿನ ಹತ್ತಿರದ ಸಂಗತಿ ಅದು. 1860ರಲ್ಲಿ ಬರೆದದ್ದು ಯೀಸ್ಟು ಮದ್ಯ ಮಾಡುವ ಬಗೆಯನ್ನು, ಅದು ಬ್ರೆಡ್ಡಿನ ಪಕ್ಷ. ಉಬ್ಬಿದ ಗಾಳಿಯನ್ನು ಹಿಡಿದಿಡುವ ಉಪಾಯವೂ ಎರಡರಲ್ಲಿ ಬೇರೆ ಬೇರೆ. ನಮ್ಮ ಹಿಟ್ಟಿನಲ್ಲಿ ಉದ್ದಿನ ಲೋಳೆ ಆ ಕೆಲಸ ಮಾಡುತ್ತದೆ, ಅದಕ್ಕೆ ರುಬ್ಬುವುದೇ ಮುಖ್ಯ. ಗೋಧಿಯಲ್ಲಿ ನೀರು ಸೇರಿದಾಗ ಹುಟ್ಟುವ ಅಂಟು, ಗ್ಲುಟೆನ್, ಎಳೆಎಳೆಯಾಗಿ ಹಿಗ್ಗಿ ಗಾಳಿಯನ್ನು ಕಟ್ಟಿಹಾಕುತ್ತದೆ, ಅದಕ್ಕೆ ನಾದುವುದೇ ಮುಖ್ಯ. ಆಯಿ ಮಳೆಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕಕ್ಕೆ ಒಯ್ದು ಇಡುತ್ತಿದ್ದಳು. ಜೂನ್, ಜುಲೈಯ ಶೀತದಲ್ಲಿ ಹಿಟ್ಟು ಏಳುವುದಿಲ್ಲ. ಏಪ್ರಿಲ್ಲಿನಲ್ಲಿ ಅದೇ ಹಿಟ್ಟು ನಡುರಾತ್ರಿಗೇ ಪಾತ್ರೆಯಿಂದ ಹೊರಗೆ. ಹುದುಗಿನ ವಿದ್ಯೆ ಎಂದರೆ ಬಿಸಿ, ಹೊತ್ತು ಇವೆರಡರ ಅಂದಾಜು. ಮಲೆನಾಡಿನ ಹೆಂಗಸರಿಗೆ ಅದು ಬಲ್ಲ ವಿದ್ಯೆಯೇ. ನಮ್ಮಲ್ಲಿ ಇಲ್ಲದ್ದು ಭಟ್ಟಿ, ಸುತ್ತಲಿಂದ ಒಣ ಬಿಸಿ ಕೊಡುವ ಗೂಡು. ಕಾವಲಿಯ ಬಿಸಿ, ಆವಿ, ಎಣ್ಣೆ ಇವು ನಮ್ಮ ಬೇಯಿಸುವ ಬಗೆಗಳು. ಭಟ್ಟಿಗೆ ತೀರ ಹತ್ತಿರ ಬಂದದ್ದೆಂದರೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಸೌತೆಕಾಯಿಯ ಸಿಹಿ ರೊಟ್ಟಿ ಬೇಯಿಸುವ ಕ್ರಮ.

ಬ್ರೆಡ್ಡಿಗೆ ದಾರಿ ಮಾಡಿದ್ದು ಹತ್ತಿ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿದ್ದ ವರ್ಷಗಳವು. ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿಗೆ ಗಾಡಿಗಳಲ್ಲಿ ಇಳಿಯಿತು. ಕುಮಟಾ ಹತ್ತಿ ಎಂಬ ಹೆಸರಿನಲ್ಲೇ ಇಂಗ್ಲೆಂಡಿನ ಮಾರುಕಟ್ಟೆ ಅದನ್ನು ಗುರುತಿಸಿತು. ದೇವಿಮನೆ ಘಟ್ಟ, ಅರಬೈಲ್ ಘಟ್ಟಗಳ ಗಾಡಿರಸ್ತೆಗಳಿಂದ ಶಿರಸಿ, ಯಲ್ಲಾಪುರಗಳು ಪೇಟೆಗಳಾಗಿ ಬೆಳೆದವು. ರಸ್ತೆಯ ಹಿಂದೆ ಕಚೇರಿ ಬಂತು, ಕಚೇರಿಯ ಹಿಂದೆ ಆಸ್ಪತ್ರೆ, ಆಸ್ಪತ್ರೆಯ ಹಿಂದೆ ಬ್ರೆಡ್ಡು. ಮುಂಬಯಿ ಪ್ರಾಂತದ ಸಂಬಂಧ 1956ರಲ್ಲಿ ಕಡಿದರೂ ಪಾವ್ ಎಂಬ ಮಾತು, ಮಿಸಳ್ ಜೊತೆ ಅದನ್ನು ತಿನ್ನುವ ರೂಢಿ ನಮ್ಮ ಜಿಲ್ಲೆಯ ಹೋಟೆಲುಗಳಲ್ಲಿ ಹಾಗೇ ಉಳಿದವು.

ಮನೆಯೊಳಕ್ಕೆ ಬ್ರೆಡ್ಡು ಮೊದಲು ಬಂದದ್ದು ಜ್ವರದ ಜೊತೆ. ಇದು ಚಳಿಜ್ವರದ ಸೀಮೆ. ತೋಟಗಳ ತಂಪು ನೆಳಲಲ್ಲೇ ಮಲೇರಿಯ ಇತ್ತು. 1953ರಿಂದ ದೇಶವ್ಯಾಪಿಯಾಗಿ ಡಿಡಿಟಿ ಹೊಡೆಯಲು ಶುರುವಾದ ಮೇಲೆ ಅದು ಇಳಿಯಿತು. ಜ್ವರ ಬಿಟ್ಟವರಿಗೆ ಹಾಲು ಬ್ರೆಡ್ಡು ಕೊಡಿ ಎಂದು ಡಾಕ್ಟರು ಹೇಳಿದರೆ ಅದು ಔಷಧದ ಸಾಲಿಗೆ ಸೇರಿತು. ರೋಗಿಗೆ ನಿಯಮವಿಲ್ಲ ಎಂಬ ಹಳೆಯ ಮಾತು ಬಾಗಿಲು ತೆರೆಯಿತು, ಅದೂ ಜಗಲಿಯವರೆಗೆ. ನಮ್ಮ ಮನೆಯಲ್ಲಿ ಪೇಟೆಯಿಂದ ಅಪ್ಪಯ್ಯ ತಂದ ಬ್ರೆಡ್ಡಿನ ಪೊಟ್ಟಣ ಜಗಲಿಯ ಗೂಡಿನಲ್ಲಿ ಇರುತ್ತಿತ್ತು, ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಬಿಸಿ ಹಾಲನ್ನು ಆಯಿ ಒಳಗಿನಿಂದ ತಂದು ಮೇಲಿನಿಂದ ಹೊಯ್ಯುತ್ತಿದ್ದಳು, ಪಾತ್ರೆ ತಾಗದ ಹಾಗೆ. ಅದನ್ನು ತಿನ್ನಬೇಕೆಂದೇ ಮಕ್ಕಳು ಜ್ವರ ಬರಲಿ ಎಂದು ಬಯಸುತ್ತಿದ್ದೆವು. ಈಗಲೂ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವವರ ಚೀಲದಲ್ಲಿ ಒಂದು ಬ್ರೆಡ್ಡು, ನಾಲ್ಕು ಮೋಸಂಬಿ ಇರುವುದು ಆ ಕಾಲದ ಉಳಿಕೆ.

ಯಾರ ಕೈಯದ್ದು ಎಂಬ ಪ್ರಶ್ನೆಗೆ ಸಿಕ್ಕ ಎರಡನೆಯ ಉತ್ತರ ಒಂದು ಬೋರ್ಡು. ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿ ತೆರೆದರು, ಬ್ರೆಡ್ಡು ಸುಡುವುದನ್ನು ಅವರು ಒಬ್ಬ ಇಂಗ್ಲಿಷನಿಂದ ಕಲಿತರೆಂದು ಪ್ರತೀತಿ. ಅವರ ಹಿಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟ ಕುಟುಂಬಗಳು ಊರೂರಿನಲ್ಲಿ ಅಯ್ಯಂಗಾರ್ ಬೇಕರಿ ಎಂದು ಬರೆಸಿ ಅಂಗಡಿ ಇಟ್ಟವು. ಮೊಟ್ಟೆ ಇಲ್ಲ, ಕಳ್ಳಿನ ಬದಲು ಯೀಸ್ಟು, ನಾದುವ ಕೈ ಯಾರದೆಂದು ಬೋರ್ಡೇ ಹೇಳುತ್ತದೆ. ಖಾರಾ ಬನ್, ಬೆಣ್ಣೆ ಬಿಸ್ಕೆಟ್, ರಸ್ಕು ಇವೆಲ್ಲ ಆ ಬೋರ್ಡಿನ ನೆರಳಲ್ಲಿ ಶಿರಸಿ ಪೇಟೆಯಿಂದ ಹಳ್ಳಿ ಮನೆಗಳ ಡಬ್ಬಿಗೆ ಬಂದವು. 1965ರಲ್ಲಿ ಸರ್ಕಾರವೇ ಮಾಡರ್ನ್ ಬೇಕರೀಸ್ ಕಟ್ಟಿ ಮೇಣಗಾಗದದಲ್ಲಿ ಸುತ್ತಿದ ಬ್ರೆಡ್ಡನ್ನು ನಗರಗಳಿಗೆ ಕೊಟ್ಟಿತು. ಅಮೆರಿಕದಿಂದ ಗೋಧಿ ಹಡಗುಗಟ್ಟಲೆ ಬರುತ್ತಿದ್ದ ವರ್ಷಗಳು. ರೇಷನ್ನಿನ ಗೋಧಿಯಿಂದ ನಮ್ಮ ಕಡೆಯ ಹೆಂಗಸರು ಚಪಾತಿ ಕಲಿತದ್ದೂ ಹೆಚ್ಚುಕಡಿಮೆ ಆಗಲೇ. ಬ್ರೆಡ್ಡನ್ನು ಮನೆಯಲ್ಲೇ ಮಾಡಬಹುದೆಂದು ಆಗ ನಮಗೆ ತೋಚಲೇ ಇಲ್ಲ.

2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನ ಕಚೇರಿಗಳು ಮುಚ್ಚಿ, ಮಕ್ಕಳು ಲ್ಯಾಪ್‌ಟಾಪು ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಮರಳಿದರು. ಯಲ್ಲಾಪುರ ರಸ್ತೆಯ ನಮ್ಮ ಮನೆಗೆ ಮಗ, ಸೊಸೆ ಬಂದರು. ಅವರ ಸಾಮಾನಿನಲ್ಲಿ ಬ್ರೆಡ್ಡು ಮಾಡುವ ಯಂತ್ರ ಇತ್ತು. ಪೇಟೆಗೆ ಹೋಗುವಂತಿಲ್ಲ, ಬೇಕರಿಗಳ ಬಾಗಿಲು ಹಾಕಿದೆ. ಯಂತ್ರದ ಒಳಗೊಂದು ಬಾಣಲೆ, ಅದರ ತಳದಲ್ಲಿ ತಿರುಗುವ ಅಲಗು, ಸುತ್ತ ಬಿಸಿಯಾಗುವ ಸುರುಳಿ. ನೀರು, ಹಿಟ್ಟು, ಉಪ್ಪು, ಯೀಸ್ಟು ಹಾಕಿ ಗುಂಡಿ ಒತ್ತಿದರೆ ಕಲಸುತ್ತದೆ, ನಾದುತ್ತದೆ, ಬೆಚ್ಚಗಿಟ್ಟು ಕಾಯುತ್ತದೆ, ಉಬ್ಬಿದ್ದನ್ನು ಒಮ್ಮೆ ಇಳಿಸಿ ಮತ್ತೆ ಕಾಯುತ್ತದೆ, ಬೇಯಿಸುತ್ತದೆ. ಸಾಮಾನ್ಯ ಬ್ರೆಡ್ಡಿಗೆ ಮೂರರಿಂದ ನಾಲ್ಕು ತಾಸು. ಅತ್ತೆ ಕುರ್ಚಿ ಹಾಕಿಸಿಕೊಂಡು ಅದರ ಕಿಟಕಿಯ ಎದುರು ಕೂತರು. ಮಡಿ ಎಂದರೆ ಉಸಿರು ಎಂಬಂತೆ ಬದುಕಿದವರು. ಬ್ರೆಡ್ಡು ಹೊರಗೆ ಬಂದಾಗ ಕೇಳಿದರು: “ಇದ್ನ ನಾದಿದ್ದು ಯಾರೇ?” ಯಾರೂ ಅಲ್ಲ, ಯಂತ್ರವೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರ ಕೈಯೂ ತಾಗಿದ್ದಿಲ್ಲೆ ಹೇಳಾತು. ಹಂಗಾರೆ ಅಡ್ಡಿಲ್ಲೆ” ಎಂದರು. ಆ ದಿನ ಬ್ರೆಡ್ಡು ನಮ್ಮ ಅಡಿಗೆಮನೆಯೊಳಗೆ, ಒಲೆಯ ಪಕ್ಕದಲ್ಲೇ, ತುಪ್ಪ ಹಚ್ಚಿಸಿಕೊಂಡು ನಿಂತಿತು. ನಾನೂರು ವರ್ಷದ ಪ್ರಶ್ನೆಗೆ ಅತ್ತೆ ಕಂಡುಕೊಂಡ ಉತ್ತರವನ್ನು ನಾನು ಗೌರವದಿಂದಲೇ ಬರೆಯುತ್ತಿದ್ದೇನೆ. ಅವರ ತರ್ಕದಲ್ಲಿ ತಪ್ಪಿರಲಿಲ್ಲ.

ಆದರೆ ಯಂತ್ರದ ಕಥೆ ಓದಿದ ಮೇಲೆ ತಿಳಿದದ್ದೇ ಬೇರೆ. 1985ರ ಹೊತ್ತಿಗೆ ಜಪಾನಿನ ಒಸಾಕಾದಲ್ಲಿ ಮತ್ಸುಶಿತಾ ಕಂಪನಿಯವರು ಮನೆಬಳಕೆಯ ಬ್ರೆಡ್ಡು ಯಂತ್ರಕ್ಕಾಗಿ ಹೆಣಗುತ್ತಿದ್ದರು. ಸಿಪ್ಪೆ ಕರಕಾಗುತ್ತಿತ್ತು, ಒಳಗೆ ಹಸಿ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟು, ಬೇಕರಿಯವನು ನಾದಿದ ಹಿಟ್ಟು ಎರಡಕ್ಕೂ ಎಕ್ಸ್‌ರೇ ತೆಗೆದು ನೋಡಿದರೂ ಗುಟ್ಟು ಸಿಗಲಿಲ್ಲ. ಆಗ ಇಕುಕೊ ತನಾಕಾ ಎಂಬ ತಂತ್ರಜ್ಞೆ, ಒಳ್ಳೆಯ ಬ್ರೆಡ್ಡಿಗೆ ಹೆಸರಾದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರನ ಬಳಿ ಶಿಷ್ಯೆಯಾಗಿ ನಿಂತು ಕೆಲಸ ಕಲಿತಳು. ಆತ ಹಿಟ್ಟನ್ನು ಬರೀ ಎಳೆಯುವುದಲ್ಲ, ಎಳೆಯುತ್ತ ತಿರುಚುತ್ತಾನೆ ಎಂಬುದು ಅವಳ ಕಣ್ಣಿಗೆ ಬಿತ್ತು. ಆ ತಿರುಚನ್ನು ಬಾಣಲೆಯ ಒಳಗೋಡೆಯಲ್ಲಿ ಉಬ್ಬು ಗೆರೆಗಳಾಗಿ ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಜ್ಞಾನ ಹೇಗೆ ಹುಟ್ಟುತ್ತದೆ ಎಂದು ಬರೆದ ಜಪಾನೀ ವಿದ್ವಾಂಸ ಇಕುಜಿರೊ ನೊನಾಕಾ ಈ ಪ್ರಸಂಗವನ್ನು ಜಗತ್ತಿಗೆಲ್ಲ ಪರಿಚಯಿಸಿದರು. ನಮ್ಮ ಅಡಿಗೆಮನೆಯ ಪೆಟ್ಟಿಗೆಯೊಳಗೂ ಅಂಥದೇ ಅಲಗು, ಅಂಥದೇ ಗೆರೆಗಳು. ಯಾರ ಕೈಯೂ ತಾಗದ ಬ್ರೆಡ್ಡಿನಲ್ಲಿ ಸಮುದ್ರದಾಚೆಯ ಒಬ್ಬ ಬೇಕರನ ಕೈ ಇದೆ. ಅತ್ತೆಗೆ ಇದನ್ನು ಹೇಳಿದೆ. ಅವರು ಬ್ರೆಡ್ಡು ತಿನ್ನುವುದನ್ನು ಬಿಡಲಿಲ್ಲ.

ಸೊಸೆಗೆ ಬೇಕಿದ್ದದ್ದು ಇಟಲಿಯ ಬಗೆಯದು: ಸಕ್ಕರೆ ಇಲ್ಲದ, ಹಾಲು ಹಾಕದ, ಗಟ್ಟಿ ಸಿಪ್ಪೆಯ, ಒಳಗೆ ದೊಡ್ಡ ಕಣ್ಣುಗಳ ಬ್ರೆಡ್ಡು. ಹಾಲು ಬ್ರೆಡ್ಡಿಗೆ ಒಗ್ಗಿದ ಬಾಯಿಗೆ ಅದು ಮೊದಲು ಒರಟೆನಿಸುತ್ತದೆ. ಅದರ ಬಗ್ಗೆ ಓದತೊಡಗಿದಾಗ ನನ್ನ ಹಳೆಯ ಇತಿಹಾಸದ ಹುಚ್ಚು ಮರಳಿತು. ರೋಮನ್ನರು ಬಹುಕಾಲ ಬ್ರೆಡ್ಡು ತಿಂದವರಲ್ಲ, ಗೋಧಿಯ ಗಂಜಿ ಉಂಡು ಬದುಕಿದವರು ಎಂದು ಪ್ಲಿನಿ ಬರೆದಿದ್ದಾನೆ. ಪರ್ಸಿಯಸ್ ದೊರೆಯ ಮೇಲಿನ ಯುದ್ಧದವರೆಗೆ, ಅಂದರೆ ಕ್ರಿಸ್ತಪೂರ್ವ 171ರ ತನಕ, ರೋಮಿನಲ್ಲಿ ಬೇಕರಿಯವರೇ ಇರಲಿಲ್ಲವಂತೆ; ಹೆಂಗಸರೇ ಮನೆಯಲ್ಲಿ ಮಾಡುತ್ತಿದ್ದರು. ಅವರ ಗಂಜಿಯ ಗೋಧಿಯನ್ನು ಇಟಲಿಯಲ್ಲಿ ಇಂದು ಫಾರೊ ಎನ್ನುತ್ತಾರೆ. ಅದರ ಮುಖ್ಯ ಜಾತಿ ನಮ್ಮ ಜವೆ ಗೋಧಿಯೇ! ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ತಲೆತಲಾಂತರದಿಂದ ಬೆಳೆದದ್ದು, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನು ಕೊಟ್ಟದ್ದು. ಬಯಲುಸೀಮೆಯವರು ಅದರಲ್ಲಿ ಹುಗ್ಗಿ, ಶ್ಯಾವಿಗೆ, ಮಾದಲಿ ಮಾಡುತ್ತಾರೆ. ಶಿರಸಿಯ ಸಂತೆಗೆ ಧಾರವಾಡದ ಕಡೆಯ ಧಾನ್ಯ ಮೊದಲಿನಿಂದಲೂ ಬರುತ್ತಿದೆ. ರೋಮನ್ನರ ಗಂಜಿಯ ಆ ಧಾನ್ಯ ನಮ್ಮ ಘಟ್ಟದ ಮೂಡಣ ಬದಿಯಲ್ಲೇ ಇತ್ತು.

ಇಟಲಿಯ ಮನೆಗಳಲ್ಲಿ ಹಿಂದಿನ ದಿನ ಬೀಗಾ ಕಲಸಿಡುತ್ತಾರೆ. ಸ್ವಲ್ಪ ಹಿಟ್ಟು, ಅದರ ಅರೆಪಾಲಿಗಿಂತ ತುಸು ಹೆಚ್ಚು ನೀರು, ಚಿಟಿಕೆ ಯೀಸ್ಟು. ಗಟ್ಟಿಯಾಗಿ ಕಲಸಿ ರಾತ್ರಿಯಿಡೀ ತಂಪಿನಲ್ಲಿ ಬಿಡುವುದು. ನಿಧಾನಕ್ಕೆ ಹುದುಗಿದಷ್ಟೂ ಪರಿಮಳ, ಬಾಳಿಕೆ. ರಾತ್ರಿ ಕಲಸಿ ಬೆಳಿಗ್ಗೆ ನೋಡುವ ಕೆಲಸ ನಮಗೆ ಹೇಳಿಕೊಡಬೇಕಾದದ್ದಲ್ಲ. ನಾನು 150 ಗ್ರಾಂ ಹಿಟ್ಟು, 90 ಮಿಲಿಲೀಟರ್ ನೀರಿನಲ್ಲಿ ಕಲಸಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಯಂತ್ರದ ಬಾಣಲೆಗೆ ಅದನ್ನು ಹರಿದು ಹಾಕಿ, 350 ಗ್ರಾಂ ಹಿಟ್ಟು, 230 ಮಿಲಿಲೀಟರ್ ನೀರು, ಅರ್ಧ ಚಮಚ ಯೀಸ್ಟು, ಹತ್ತು ಗ್ರಾಂ ಉಪ್ಪು, ಒಂದು ಚಮಚ ಆಲಿವ್ ಎಣ್ಣೆ. ಹಿಟ್ಟಿನಲ್ಲಿ ಕಾಲುಪಾಲು ಜವೆ ಗೋಧಿಯದ್ದು, ಉಳಿದದ್ದು ಮೈದಾ. ಜವೆ ಗೋಧಿಯ ಅಂಟು ದುರ್ಬಲ, ಪಾಲು ಹೆಚ್ಚಿದರೆ ಬ್ರೆಡ್ಡು ಏಳುವುದಿಲ್ಲ. ಆದರೆ ರುಚಿ ಅದರದ್ದೇ. ಮಳೆಗಾಲದಲ್ಲಿ ಹಿಟ್ಟು ಗಾಳಿಯ ತೇವವನ್ನೇ ಕುಡಿದಿರುತ್ತದೆ, ಆಗ ನೀರು ಎರಡು ಮೂರು ಚಮಚ ಕಡಿಮೆ ಸಾಕು. ಬೀಗಾಕ್ಕೆ ಬೇಕಾದ ತಂಪು ಜುಲೈಯ ಶಿರಸಿಯಲ್ಲಿ ತಾನಾಗಿ ಸಿಗುತ್ತದೆ. ದೋಸೆಗೆ ಒಲೆಯ ಪಕ್ಕ ಹುಡುಕುತ್ತಿದ್ದ ಆಯಿಯ ಅದೇ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಯಂತ್ರದಲ್ಲೇ ಬೇಯಿಸಿದರೆ ಇಟ್ಟಿಗೆಯಾಕಾರದ ಬ್ರೆಡ್ಡು ಬರುತ್ತದೆ, ತಳದಲ್ಲಿ ಅಲಗಿನ ತೂತು, ಸಿಪ್ಪೆ ಮೆತ್ತಗೆ. ಇಟಲಿಯದ್ದಕ್ಕೆ ಅದು ಸಲ್ಲದು. ಹಾಗಾಗಿ ನಾದುವ, ಉಬ್ಬಿಸುವ ಒಂದೂವರೆ ತಾಸಿನ ಕೆಲಸ ಮಾತ್ರ ಯಂತ್ರಕ್ಕೆ. ಆಮೇಲೆ ಹಿಟ್ಟನ್ನು ಕೈಯಲ್ಲೇ ಉಂಡೆ ಮಾಡಿ ಮುಕ್ಕಾಲು ತಾಸು ಬಿಟ್ಟು, ಕಾದ ಬೀಡಿನ ಪಾತ್ರೆಯಲ್ಲಿಟ್ಟು ಮುಚ್ಚಳ ಹಾಕಿ 220 ಡಿಗ್ರಿಯ ಓವನ್ನಿಗೆ. ಹಿಟ್ಟಿನದೇ ಆವಿ ಒಳಗೆ ನಿಂತು ಸಿಪ್ಪೆಯನ್ನು ಹಿಗ್ಗಲು ಬಿಡುತ್ತದೆ. ಇಪ್ಪತ್ತು ನಿಮಿಷದ ಮೇಲೆ ಮುಚ್ಚಳ ತೆಗೆದರೆ ಕಂದು ಬಣ್ಣ ಏರುತ್ತದೆ. ಇಲ್ಲೊಂದು ತೊಡಕು ಕರೆಂಟು. 1948ರಿಂದ ಶರಾವತಿ ಜೋಗದ ಬಳಿ ನಾಡಿಗೆಲ್ಲ ವಿದ್ಯುತ್ತು ಕೊಡುತ್ತಿದ್ದಾಳೆ, ಸಿದ್ದಾಪುರದ ಗಡಿಯಲ್ಲೇ. ಆದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮ್ಮ ಹಳ್ಳಿಗಳು ದಿನಗಟ್ಟಲೆ ಕತ್ತಲೆ. ಯಂತ್ರ ಕೆಲವು ನಿಮಿಷದ ನಿಲುಗಡೆಯನ್ನು ನೆನಪಿಟ್ಟುಕೊಂಡು ಮುಂದುವರಿಯುತ್ತದೆ, ಅದಕ್ಕಿಂತ ಹೆಚ್ಚಾದರೆ ಹಿಟ್ಟನ್ನು ಎತ್ತಿ ಕೈಯಲ್ಲೇ ನಾದಬೇಕು. ಹಾಗೆ ನಾದಿದಾಗಲೆಲ್ಲ ಎಳೆದು ತಿರುಚುವ ಆ ಒಸಾಕಾದ ಬೇಕರನ ಪಾಠ ನನಗೆ ಉಪಯೋಗಕ್ಕೆ ಬಂದಿದೆ. ಈಗ ಎಲ್ಲೆಡೆ ಹೆಸರಾಗಿರುವ ಇಟಲಿಯ ಚಿಯಬಾತ್ತಾ ಎಂಬ ಚಪ್ಪಟೆ ಬ್ರೆಡ್ಡು ಪ್ರಾಚೀನವೆಂದು ಅನೇಕರು ತಿಳಿದಿದ್ದಾರೆ. ವೆನೆತೊ ಪ್ರಾಂತದ ಆದ್ರಿಯಾ ಊರಿನಲ್ಲಿ ಅರ್ನಾಲ್ದೊ ಕವಲ್ಲಾರಿ ಅದನ್ನು ರೂಪಿಸಿದ್ದು 1982ರಲ್ಲಿ. ಬ್ರೆಡ್ಡಿನ ಪರಂಪರೆಯಲ್ಲಿ ಹೊಸದಕ್ಕೆ ಯಾವಾಗಲೂ ಜಾಗವಿದೆ ಎಂದು ನಾನು ಜವೆ ಗೋಧಿಯನ್ನು ಧೈರ್ಯವಾಗಿ ಬೆರೆಸುತ್ತೇನೆ.

ಗೋವೆಯಲ್ಲಿ ಈಗ ಸುರ್ ಹಾಕಿದ ಬ್ರೆಡ್ಡು ಅಪರೂಪ. ಮರ ಹತ್ತುವವರು ಕಡಿಮೆಯಾದರು, ಪೊಟ್ಟಣದ ಯೀಸ್ಟು ಬಂತು. ಹಳೆಯ ಪೊದೇರ್ ಮನೆಗಳ ಮಕ್ಕಳು ಬೇರೆ ಉದ್ಯೋಗಕ್ಕೆ ಹೋದಂತೆ ಅನೇಕ ಭಟ್ಟಿಗಳನ್ನು ನಡೆಸುತ್ತಿರುವವರು ಕರ್ನಾಟಕದಿಂದ ಹೋದ ಕೆಲಸಗಾರರು. ನಾವು ಮುಟ್ಟದಿದ್ದ ಬ್ರೆಡ್ಡನ್ನು ಇಂದು ನಮ್ಮ ನಾಡಿನ ಕೈಗಳೇ ನಾದುತ್ತಿವೆ. ನಮ್ಮ ಜಿಲ್ಲೆಯಲ್ಲೂ ಕಾರವಾರ, ಕುಮಟಾ, ಶಿರಸಿ ಪೇಟೆಗಳಲ್ಲಿ ಹಿಂದಿನ ಕಾಲದಲ್ಲಿ ಭಟ್ಟಿ ಉರಿಸಿ ಬ್ರೆಡ್ಡು ಸುಟ್ಟ ಮನೆತನಗಳಿವೆ. ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಹಾಸನದ ಕಡೆಯಿಂದ ಬಂದವರಿದ್ದಾರೆ. ಅಡಿಕೆ, ಮೆಣಸಿಗೆ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯ ಲೆಕ್ಕಪುಸ್ತಕಗಳಿವೆ. ಜ್ವರದ ಮಕ್ಕಳಿಗೆ ಬೆಳಗಿನ ಜಾವ ಎದ್ದು ಬ್ರೆಡ್ಡು ಸುಟ್ಟವರಿಗೆ ಅಂಥ ಪುಸ್ತಕವಿಲ್ಲ. ಭಟ್ಟಿಗೆ ಯಾವ ಕಟ್ಟಿಗೆ ಹಾಕುತ್ತಿದ್ದರು, ಹುದುಗಿಗೆ ಏನು ಬಳಸುತ್ತಿದ್ದರು, ಮೈದಾ ಎಲ್ಲಿಂದ ತರಿಸುತ್ತಿದ್ದರು, ಬೇಡವೆಂದ ಮನೆಗಳು ಯಾವುವು, ಮೊದಲು ಬಾಗಿಲು ತೆರೆದವರು ಯಾರು ಎಂದು ಆ ಮನೆಗಳ ಹಿರಿಯರನ್ನು ಕೇಳಿ ಬರೆದುಕೊಳ್ಳುವ ಕೆಲಸ ಶುರುಮಾಡಿದ್ದೇನೆ. ಅಂಥ ಮನೆಗಳಲ್ಲಿ ಈಗಲೂ ನೆನಪಿರುವವರು ಇದ್ದಾರೆ, ಕೇಳುವವರು ಹೋಗಬೇಕು ಅಷ್ಟೇ.